ಯಾಕಿಮಾ ಕಣಿವೆಯ ಸೇಬು, ದ್ರಾಕ್ಷಿ: ನಾವು ಕಲಿಯಬೇಕಾದುದು ಏನು?

ಕಳೆದ ಕೃಷಿ ಮೇಳದಲ್ಲಿ ವಿಜಯಪುರ ಜಿಲ್ಲೆಯ ರೈತರೊಬ್ಬರು ನಮ್ಮ ಮಳಿಗೆಯ ಮುಂದೆ ಬಹಳ ಹೊತ್ತು ನಿಂತಿದ್ದರು. ಜನ ಕಡಿಮೆಯಾದ ಮೇಲೆ ಹತ್ತಿರ ಬಂದು ಕೇಳಿದರು: “ಸರ, ಎರಡ ಎಕರೆ ದ್ರಾಕ್ಷಿ ತಗದು ಸೇಬು ಹಚ್ಚಬೇಕಂತ ಮಾಡೇನ್ರಿ. ಅಮೆರಿಕಾದಾಗ ಮಳೀನ ಇಲ್ಲದ ನಾಡಿನ್ಯಾಗ ಸೇಬು, ದ್ರಾಕ್ಷಿ ಎರಡೂ ಬೆಳೀತಾರಂತ. ನಮ್ಮದೂ ಒಣ ಭೂಮಿನ. ನಮ್ಮಲ್ಲಿ ಯಾಕ ಆಗೂದಿಲ್ಲ?”

ಅವರು ಮೊಬೈಲಿನಲ್ಲಿ ಒಂದು ಚಿತ್ರ ನೋಡಿದ್ದರು. ಬೋಳು ಗುಡ್ಡಗಳ ನಡುವೆ ಹಸಿರು ತೋಟ, ಕೆಂಪು ಹಣ್ಣಿನಿಂದ ಬಾಗಿದ ಗಿಡ. ಸಸಿ ಮಾರುವವರು ಬೆಲೆಯನ್ನೂ ಹೇಳಿದ್ದರು. ಮುಂಗಡ ಮಾತ್ರ ಇನ್ನೂ ಕೊಟ್ಟಿರಲಿಲ್ಲ. ನಾನು ಐದು ನಿಮಿಷದಲ್ಲಿ ಏನೋ ಒಂದು ಉತ್ತರ ಕೊಟ್ಟೆ. ಆ ಉತ್ತರ ಅವರಿಗೂ ಸಾಲಲಿಲ್ಲ, ನನಗೂ ಸಾಲಲಿಲ್ಲ. ಅವರು ಕೇಳಿದ ಪ್ರಶ್ನೆಯನ್ನು ಇಂದು ಅನೇಕ ರೈತ ಬಾಂಧವರು ಕೇಳುತ್ತಿರುವುದರಿಂದ ಪೂರ್ಣ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಬೇಸಾಯ ಶಾಸ್ತ್ರದವನು, ತೋಟಗಾರಿಕೆಯ ತಜ್ಞನಲ್ಲ. ಆದರೆ ನೀರಿನ ಲೆಕ್ಕ ನನ್ನ ಕಸುಬು, ಮತ್ತು ಈ ಪ್ರಶ್ನೆ ಮೊದಲು ನೀರಿನ ಪ್ರಶ್ನೆ.

ಮಳೆ ಕಡಿಮೆ, ನೀರು ಕಡಿಮೆಯಲ್ಲ

ಆ ರೈತರು ನೋಡಿದಂಥ ನಾಡಿಗೆ ಒಳ್ಳೆಯ ಉದಾಹರಣೆ ಅಮೆರಿಕದ ವಾಯವ್ಯ ಮೂಲೆಯ ವಾಷಿಂಗ್ಟನ್ ರಾಜ್ಯದಲ್ಲಿರುವ ಯಾಕಿಮಾ ಕಣಿವೆ. ಇಡೀ ಅಮೆರಿಕದ ಸೇಬಿನಲ್ಲಿ ಅರ್ಧಕ್ಕಿಂತ ಹೆಚ್ಚು ಈ ಒಂದು ರಾಜ್ಯದಲ್ಲಿ ಬೆಳೆಯುತ್ತದೆ. ಅದರಲ್ಲಿ ಯಾಕಿಮಾದ ಪಾಲು ದೊಡ್ಡದು. ಜೊತೆಗೆ ವೈನ್ ದ್ರಾಕ್ಷಿ, ಚೆರ್ರಿ ಹಣ್ಣು, ಬಿಯರ್ ತಯಾರಿಕೆಗೆ ಬೇಕಾದ ಹಾಪ್ ಬಳ್ಳಿ ಕೂಡ ಅಲ್ಲಿವೆ.

ಯಾಕಿಮಾ ಪಟ್ಟಣದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 200 ಮಿ.ಮೀ. ಮಾತ್ರ. ವಿಜಯಪುರದಲ್ಲಿ ಬೀಳುವುದು ಸುಮಾರು 600 ಮಿ.ಮೀ. ಹಾಗಾದರೆ ನಮಗಿಂತ ಮೂರು ಪಟ್ಟು ಒಣಗಿದ ಆ ನೆಲದಲ್ಲಿ ಸೇಬು ಬೆಳೆಯುವುದು ಹೇಗೆ?

ನಮ್ಮ ಪಶ್ಚಿಮ ಘಟ್ಟ ಮುಂಗಾರಿನ ಮೋಡವನ್ನು ತಡೆದು ಆಗುಂಬೆಯಲ್ಲಿ ಸುರಿಸಿ, ವಿಜಯಪುರಕ್ಕೆ ಒಣಗಾಳಿ ಕಳಿಸುವಂತೆ, ಅಲ್ಲಿ ಕ್ಯಾಸ್ಕೇಡ್ ಪರ್ವತಸಾಲು ಪೆಸಿಫಿಕ್ ಸಾಗರದ ಮೋಡಗಳನ್ನು ತಡೆಯುತ್ತದೆ. ಯಾಕಿಮಾ ಆ ಪರ್ವತದ ಮಳೆನೆರಳಿನಲ್ಲಿದೆ. ಆದರೆ ಒಂದು ದೊಡ್ಡ ವ್ಯತ್ಯಾಸವುಂಟು. ನಮ್ಮ ಘಟ್ಟದ ಮಳೆ ಬಿದ್ದ ವಾರದಲ್ಲೇ ಹರಿದುಹೋಗುತ್ತದೆ. ಅಲ್ಲಿ ಚಳಿಗಾಲದಲ್ಲಿ ಬೀಳುವುದು ಹಿಮ. ಅದು ಬೆಟ್ಟದ ಮೇಲೆಯೇ ಗಟ್ಟಿಯಾಗಿ ಕುಳಿತು, ಬೇಸಿಗೆ ಬರುತ್ತಿದ್ದಂತೆ ನಿಧಾನವಾಗಿ ಕರಗಿ, ಗಿಡಗಳಿಗೆ ನೀರು ಬೇಕಾದ ಕಾಲಕ್ಕೆ ಸರಿಯಾಗಿ ನದಿಗೆ ಇಳಿಯುತ್ತದೆ.

ಈ ನೀರನ್ನು ಹಿಡಿಯಲು ಅಮೆರಿಕದ ಕೇಂದ್ರ ಸರಕಾರ 1905ರಲ್ಲಿ ಯಾಕಿಮಾ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಇಂದು ಅಲ್ಲಿ ಐದು ಜಲಾಶಯಗಳಿವೆ. ಎಲ್ಲವೂ ಸೇರಿ ಹಿಡಿಯುವ ನೀರು ಸುಮಾರು 46 ಟಿ.ಎಂ.ಸಿ., ಅಂದರೆ ನಮ್ಮ ತುಂಗಭದ್ರಾ ಜಲಾಶಯದ ಅರ್ಧಕ್ಕಿಂತ ಕಡಿಮೆ. ಈ ನೀರು ಹಾಗೂ ಕರಗುವ ಹಿಮದಿಂದ ನಾಲ್ಕೂವರೆ ಲಕ್ಷ ಎಕರೆಗೂ ಹೆಚ್ಚು ಭೂಮಿ ನೀರಾವರಿಯಾಗುತ್ತದೆ. ನದಿಯ ವಾರ್ಷಿಕ ಹರಿವಿನಲ್ಲಿ ಸುಮಾರು ಮೂರನೆಯ ಒಂದು ಭಾಗವನ್ನು ಮಾತ್ರ ಜಲಾಶಯಗಳು ಹಿಡಿಯಬಲ್ಲವು. ಆದ್ದರಿಂದಲೇ ಅಲ್ಲಿನವರು ಬೆಟ್ಟದ ಹಿಮವನ್ನು ‘ಆರನೆಯ ಜಲಾಶಯ’ ಎಂದು ಕರೆಯುತ್ತಾರೆ.

ಆದ್ದರಿಂದ ಅದನ್ನು ಒಣ ಬೇಸಾಯದ ನಾಡು ಎಂದು ತಿಳಿಯಬಾರದು. ಆಕಾಶ ಒಣಗಿದ್ದರೂ ಕಾಲುವೆ ತುಂಬಿರುವ ನಾಡು ಅದು. ಒಣ ಗಾಳಿಯಿಂದ ರೋಗ ಕಡಿಮೆ, ಹಣ್ಣಿಗೆ ಬಣ್ಣ ಹೆಚ್ಚು. ನೀರು ಮಾತ್ರ ಪೂರ್ತಿ ಹೊರಗಿನದು.

ಸರತಿಯಲ್ಲಿ ಮೊದಲು ನಿಂತವರು, ಕೊನೆಗೆ ನಿಂತವರು

ಅಲ್ಲಿನ ನೀರಿಗೆ ಒಂದು ಕಟ್ಟುನಿಟ್ಟಾದ ಸರತಿ ಇದೆ. 1905ರ ಮೇ 10ಕ್ಕೆ ಮುಂಚಿನ ನೀರಿನ ಹಕ್ಕು ಹಿರಿಯ ಹಕ್ಕು, ಆ ದಿನ ಮತ್ತು ಅದರ ನಂತರದ್ದು ಕಿರಿಯ ಹಕ್ಕು. 1945ರ ನ್ಯಾಯಾಲಯದ ತೀರ್ಪು ಈ ವ್ಯವಸ್ಥೆಯನ್ನು ಗಟ್ಟಿಮಾಡಿತು. ನೀರು ಸಾಲದ ವರ್ಷ ಹಿರಿಯ ಹಕ್ಕಿನವರಿಗೆ ಪೂರ್ತಿ ಪಾಲು ಸಿಗುತ್ತದೆ. ಬಂದ ಕೊರತೆಯನ್ನೆಲ್ಲ ಕಿರಿಯ ಹಕ್ಕಿನವರು ಸಮನಾಗಿ ಹೊರಬೇಕು. ಇದರ ಮೇಲೆ, 1855ರ ಒಪ್ಪಂದದಂತೆ ಅಲ್ಲಿನ ಮೂಲನಿವಾಸಿ ಯಾಕಾಮಾ ಜನರಿಗೆ ಮೀನುಗಾರಿಕೆಯ ಹಕ್ಕಿರುವುದರಿಂದ ಮೀನಿಗಾಗಿ ನದಿಯಲ್ಲಿ ನೀರು ಉಳಿಸಬೇಕು. ಈ ನದಿಯಲ್ಲಿ ಯಾರಿಗೆ ಎಷ್ಟು ಹಕ್ಕು ಎಂದು ತೀರ್ಮಾನಿಸಲು 1977ರಲ್ಲಿ ಆರಂಭವಾದ ಮೊಕದ್ದಮೆ ಮುಗಿದದ್ದು 2019ರಲ್ಲಿ, 42 ವರ್ಷಗಳ ನಂತರ!

ಕೃಷ್ಣಾ ನದಿಯ ತಂಟೆಯನ್ನು ಕಂಡ ನಮಗೆ ಇದು ಹೊಸತೆನಿಸದು. ಕಾಲುವೆಯ ತಲೆಭಾಗದ ರೈತನಿಗೂ ಕೊನೆಯಂಚಿನ ರೈತನಿಗೂ ಇರುವ ಅಂತರ ನಮ್ಮಲ್ಲಿಯೂ ಇದೆ. ಅಲ್ಲಿ ಆ ಅಂತರವನ್ನು ಕಾಗದದ ಮೇಲೆ ಬರೆದಿದ್ದಾರೆ, ನಮ್ಮಲ್ಲಿ ಬರೆದಿಲ್ಲ, ಅಷ್ಟೆ.

ಗಿಡಕ್ಕೆ ರಜೆ ಇಲ್ಲ

2015ರಲ್ಲಿ ನಡೆದದ್ದನ್ನು ನಮ್ಮ ರೈತರು ಗಮನವಿಟ್ಟು ಓದಬೇಕು. ಆ ಚಳಿಗಾಲದಲ್ಲಿ ಕ್ಯಾಸ್ಕೇಡ್ ಬೆಟ್ಟಗಳಲ್ಲಿ ಬಿದ್ದ ಒಟ್ಟು ನೀರು ಬಹಳ ಕಡಿಮೆಯೇನೂ ಇರಲಿಲ್ಲ. ಆದರೆ ಹವೆ ಬೆಚ್ಚಗಿದ್ದುದರಿಂದ ಅದು ಹಿಮವಾಗದೆ ಮಳೆಯಾಗಿ ಬಿದ್ದು ಆಗಲೇ ಹರಿದುಹೋಯಿತು. ‘ಆರನೆಯ ಜಲಾಶಯ’ ಬರಿದಾಯಿತು. ಕಿರಿಯ ಹಕ್ಕಿನವರಿಗೆ ಆ ವರ್ಷ ಸಿಕ್ಕಿದ್ದು ಪಾಲಿನ ಅರ್ಧಕ್ಕಿಂತ ಕಡಿಮೆ, ಶೇಕಡಾ 47ರಷ್ಟು. ಪೂರ್ತಿ ಕಿರಿಯ ಹಕ್ಕನ್ನೇ ನಂಬಿರುವ ರೋಜಾ ಎಂಬ ನೀರಾವರಿ ವಿಭಾಗದವರು, ಬೇಸಿಗೆಯ ಕೊನೆಗೆ ನೀರು ಉಳಿಯಲೆಂದು ಮೇ ತಿಂಗಳಿನಲ್ಲಿ ಸುಮಾರು ಮೂರು ವಾರ ಕಾಲುವೆಯನ್ನೇ ಮುಚ್ಚಿಬಿಟ್ಟರು. ಕಾಯಿ ಕಟ್ಟುವ ಕಾಲದಲ್ಲಿ ಕಾಲುವೆ ಒಣಗಿತ್ತು. ಮುಂದೆ 2023, 2024, 2025ರಲ್ಲಿ ಸತತ ಮೂರು ವರ್ಷ ಅಲ್ಲಿ ಬರ ಘೋಷಣೆಯಾಯಿತು.

ನೀರಿಲ್ಲದ ವರ್ಷ ಜೋಳದ ಹೊಲವನ್ನು ಬೀಳು ಬಿಡಬಹುದು. ಮುಂದಿನ ವರ್ಷ ಮಳೆ ಬಂದರೆ ಕೂರಿಗೆ ಹೂಡಬಹುದು. ಹೋದದ್ದು ಒಂದು ವರ್ಷದ ಫಸಲು. ಆದರೆ ಹತ್ತು ವರ್ಷ ಸಾಕಿದ ಗಿಡಕ್ಕೆ ಒಂದು ವರ್ಷ ರಜೆ ಕೊಡಲು ಬರುವುದಿಲ್ಲ. ಒಂದು ಬೇಸಿಗೆ ಒಣಗಿದರೆ ಹೋಗುವುದು ಹತ್ತು ವರ್ಷದ ಬಂಡವಾಳ. ಬಹುವಾರ್ಷಿಕ ಬೆಳೆ ಹಾಕಿದ ರೈತ, ಒಳ್ಳೆಯ ವರ್ಷದ ನೀರನ್ನು ಲೆಕ್ಕ ಹಾಕುವಂತಿಲ್ಲ. ಕೆಟ್ಟ ವರ್ಷದ ನೀರನ್ನೇ ಲೆಕ್ಕ ಹಾಕಬೇಕು.

ನಮ್ಮ ದ್ರಾಕ್ಷಿ ಬೆಳೆಗಾರರಿಗೆ ಇದನ್ನು ನಾನು ಹೇಳಬೇಕಾಗಿಲ್ಲ. ಬರ ಬಂದಾಗ ಬಳ್ಳಿ ಉಳಿಸಲು ಟ್ಯಾಂಕರಿನಲ್ಲಿ ನೀರು ತರಿಸಿ ಸಾಲ ಮಾಡಿಕೊಂಡವರು ಅವರು.

ಸೇಬಿನ ಬಾಯಾರಿಕೆ, ವೈನ್ ದ್ರಾಕ್ಷಿಯ ಸಂಯಮ

ಯಾಕಿಮಾದಲ್ಲಿ ಸೇಬು, ವೈನ್ ದ್ರಾಕ್ಷಿ ಎರಡೂ ಪಕ್ಕಪಕ್ಕದಲ್ಲಿವೆ. ಆದರೆ ಎರಡರ ನೀರಿನ ಸ್ವಭಾವ ಒಂದೇ ಅಲ್ಲ. ನೆಲಕ್ಕೆ ಹುಲ್ಲಿನ ಹೊದಿಕೆಯಿರುವ, ಪೂರ್ಣ ಬೆಳೆದ ಸೇಬಿನ ತೋಟಕ್ಕೆ ಅಲ್ಲಿ ಒಂದು ಹಂಗಾಮಿಗೆ ಸುಮಾರು 900ರಿಂದ 1000 ಮಿ.ಮೀ. ನೀರು ಬೇಕು. ಎಕರೆಗೆ ಲೆಕ್ಕ ಹಾಕಿದರೆ ಇದು ಹತ್ತಿರ ಹತ್ತಿರ 40 ಲಕ್ಷ ಲೀಟರ್. ವೈನ್ ದ್ರಾಕ್ಷಿಗೆ ಅದರ ಅರ್ಧ, ಅಥವಾ ಅರ್ಧಕ್ಕೂ ಕಡಿಮೆ ಸಾಕು.

ಅಷ್ಟೇ ಅಲ್ಲ, ವೈನ್ ದ್ರಾಕ್ಷಿಗೆ ಬೇಕೆಂದೇ ನೀರು ಕಡಿಮೆ ಕೊಡುತ್ತಾರೆ. ಕಾಯಿ ಕಟ್ಟಿದ ನಂತರ ಹಣ್ಣು ಬಣ್ಣ ತಿರುಗುವವರೆಗೆ ಬಳ್ಳಿಯನ್ನು ಸ್ವಲ್ಪ ಬಾಯಾರಿಸಿದರೆ ಚಿಗುರು ನಿಲ್ಲುತ್ತದೆ, ಹಣ್ಣು ಸಣ್ಣದಾಗುತ್ತದೆ, ಸಿಪ್ಪೆಯ ಬಣ್ಣ ಮತ್ತು ಸತ್ವ ಹೆಚ್ಚುತ್ತದೆ. ವೈನ್ ಮಾಡುವವನಿಗೆ ಬೇಕಾದುದು ಅದೇ. ವಾಷಿಂಗ್ಟನ್ ರಾಜ್ಯ ವಿಶ್ವವಿದ್ಯಾಲಯದ ಪ್ರಾಸರ್ ಸಂಶೋಧನಾ ಕೇಂದ್ರ ಈ ಪದ್ಧತಿಯ ಮೇಲೆ ಬಹಳ ಕೆಲಸ ಮಾಡಿದೆ.

ಸೇಬಿನ ಬೆಳೆಗಾರನಿಗೆ ಈ ಅನುಕೂಲವಿಲ್ಲ. ನೀರು ತಪ್ಪಿದರೆ ಹಣ್ಣು ಸಣ್ಣದಾಗುತ್ತದೆ, ಸಣ್ಣ ಸೇಬನ್ನು ಪೇಟೆಯಲ್ಲಿ ಕೇಳುವವರಿಲ್ಲ. ಬಿಸಿಲು ಏರಿದಾಗ ಹಣ್ಣಿನ ಸಿಪ್ಪೆ ಸುಡುತ್ತದೆ. ಅದನ್ನು ತಡೆಯಲು ಗಿಡಗಳ ಮೇಲೆ ನೀರು ಸಿಂಪಡಿಸಿ ತಂಪು ಮಾಡುತ್ತಾರೆ, ಇಲ್ಲವೆ ಬಲೆ ಹೊದಿಸುತ್ತಾರೆ. 2021ರ ಜೂನ್ ಕೊನೆಯಲ್ಲಿ ಅಲ್ಲಿ ಉಷ್ಣಾಂಶ 45 ಡಿಗ್ರಿಯ ಸಮೀಪಕ್ಕೆ ಹೋದಾಗ ಸೇಬು, ಚೆರ್ರಿ ಬೆಳೆಗಾರರು ಪಟ್ಟ ಪಾಡು ಅಷ್ಟಿಷ್ಟಲ್ಲ.

ಚಳಿಯೂ ಒಂದು ಗೊಬ್ಬರವಿದ್ದಂತೆ

ಸೇಬಿನ ಮೊಗ್ಗು ಚಳಿಗಾಲದಲ್ಲಿ ನಿದ್ರೆ ಮಾಡುತ್ತದೆ. ಸಾಕಷ್ಟು ಗಂಟೆಗಳ ಕಾಲ 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ಚಳಿ ಸಿಕ್ಕಿದರೆ ಮಾತ್ರ ಎಲ್ಲ ಮೊಗ್ಗುಗಳೂ ಒಟ್ಟಿಗೆ ಎಚ್ಚರಗೊಂಡು ಹೂ ಬಿಡುತ್ತವೆ. ‘ರೆಡ್ ಡೆಲಿಷಿಯಸ್’ನಂತಹ ತಳಿಗಳಿಗೆ ಸುಮಾರು ಸಾವಿರ ಗಂಟೆಗಳ ಚಳಿ ಬೇಕು. ಯಾಕಿಮಾದಲ್ಲಿ ಅದಕ್ಕೆ ಬರವಿಲ್ಲ. ಅಲ್ಲಿನವರಿಗೆ ಭಯವಿರುವುದು ಚಳಿ ಅತಿಯಾದೀತೆಂದು. 1996ರ ಫೆಬ್ರುವರಿಯ ಕಡುಚಳಿ ವೈನ್ ದ್ರಾಕ್ಷಿ ಬಳ್ಳಿಗಳನ್ನು ಸುಟ್ಟಿತು. ಇನ್ನೂ ಉತ್ತರಕ್ಕೆ, ಕೆನಡಾ ದೇಶದ ಒಕಾನಗನ್ ಎಂಬ ಇಂತಹುದೇ ಒಣ ಕಣಿವೆಯಲ್ಲಿ 2024ರ ಜನವರಿಯ ಚಳಿಗೆ ಆ ವರ್ಷದ ವೈನ್ ದ್ರಾಕ್ಷಿಯ ಫಸಲು ಬಹುಪಾಲು ನಾಶವಾಯಿತು.

ನಮ್ಮ ಬಯಲುಸೀಮೆಯಲ್ಲಿ 7 ಡಿಗ್ರಿಗಿಂತ ಕೆಳಗಿನ ಗಂಟೆಗಳು ಇಲ್ಲವೆಂದೇ ಹೇಳಬೇಕು. ಆದ್ದರಿಂದ ನಮ್ಮಲ್ಲಿ ಮಾರುತ್ತಿರುವುದು ಕಡಿಮೆ ಚಳಿ ಬೇಡುವ ತಳಿಗಳು: ಇಸ್ರೇಲಿನ ‘ಅನ್ನಾ’, ಬಹಾಮಾಸ್ ದ್ವೀಪದ ‘ಡಾರ್ಸೆಟ್ ಗೋಲ್ಡನ್’, ಹಿಮಾಚಲ ಪ್ರದೇಶದ ‘ಎಚ್.ಆರ್.ಎಂ.ಎನ್.-99’. ‘ಅನ್ನಾ’ ತಳಿಗೂ 200ರಿಂದ 300 ಗಂಟೆಗಳ ಚಳಿ ಬೇಕೆಂದು ಹೇಳುತ್ತಾರೆ. ಆ ಕೊರತೆಯನ್ನು ಎಲೆ ಕೀಳುವುದು, ನೀರು ನಿಲ್ಲಿಸುವುದು ಮುಂತಾದ ಉಪಾಯಗಳಿಂದ ತುಂಬಿಸುತ್ತಾರೆ. ಇಂಡೋನೇಷ್ಯಾದ ಜಾವಾ ದ್ವೀಪದ ಬಾಟು ಎಂಬಲ್ಲಿ ಎಲೆ ಕಿತ್ತು ವರ್ಷಕ್ಕೆ ಎರಡು ಸಲ ಸೇಬು ತೆಗೆಯುವ ರೂಢಿಯೇ ಇದೆ. ಆದರೆ ಅದು ಸಮುದ್ರಮಟ್ಟದಿಂದ ಸುಮಾರು ಒಂದು ಸಾವಿರ ಮೀಟರ್ ಎತ್ತರದ ತಂಪು ಪ್ರದೇಶ.

ನಮ್ಮಲ್ಲಿಯೂ ಸೇಬು ಹಣ್ಣು ಬಿಡುತ್ತದೆ, ಇದನ್ನು ನಾನು ಅಲ್ಲಗಳೆಯುವುದಿಲ್ಲ. ಕಳೆದ ಶತಮಾನದ ಮೊದಲ ಭಾಗದಲ್ಲಿ ಬೆಂಗಳೂರಿನ ಸುತ್ತ ಸೇಬಿನ ತೋಟಗಳಿದ್ದವು. ಈಗ ಬಾಗಲಕೋಟೆಯ ಕಡೆಯೂ ಸೇಬು ಹಣ್ಣಾದ ಸುದ್ದಿಯನ್ನು ಎಲ್ಲರೂ ಓದಿದ್ದೇವೆ. ಆದರೆ ಗಿಡ ಹಣ್ಣು ಬಿಡುವುದು ಬೇರೆ, ತೋಟ ಮನೆ ನಡೆಸುವುದು ಬೇರೆ. ಡಿಸೆಂಬರ್, ಜನವರಿಯಲ್ಲಿ ಎಲೆ ಕಿತ್ತ ಗಿಡದಲ್ಲಿ ಕಾಯಿ ದಪ್ಪವಾಗುವುದು ಏಪ್ರಿಲ್, ಮೇ ತಿಂಗಳಲ್ಲಿ. ಆಗ ನಮ್ಮಲ್ಲಿ ಬಿಸಿಲು 40 ಡಿಗ್ರಿ ದಾಟಿರುತ್ತದೆ, ಕೊಳವೆ ಬಾವಿ ಸೋತಿರುತ್ತದೆ. ಅಕ್ಟೋಬರ್ ಚಾಟನಿಯ ದ್ರಾಕ್ಷಿಯಾದರೆ ಫೆಬ್ರುವರಿ, ಮಾರ್ಚಿನೊಳಗೆ ಹಣ್ಣಾಗಿ, ಬೇಸಿಗೆಯ ಬಾಯಿಗೆ ಬೀಳುವ ಮೊದಲೇ ಮನೆ ಸೇರುತ್ತದೆ. ಏಪ್ರಿಲ್ ಚಾಟನಿಯ ನಂತರ ಬಳ್ಳಿಗೂ ನೀರು ಬೇಕು ನಿಜ, ಆದರೆ ಆಗ ಬಳ್ಳಿಯ ಮೇಲೆ ಹಣ್ಣಿನ ಭಾರವಿರುವುದಿಲ್ಲ.

ಪೇಟೆಯ ಮಾತು

ಯಾಕಿಮಾದ ರೈತ ನೀರು, ಚಳಿ ಎರಡನ್ನೂ ಗೆದ್ದ ಮೇಲೆ ಪೇಟೆಯ ಮುಂದೆ ಸೋತದ್ದುಂಟು. ಒಂದು ಕಾಲಕ್ಕೆ ಅಲ್ಲಿನ ಸೇಬೆಂದರೆ ‘ರೆಡ್ ಡೆಲಿಷಿಯಸ್’ ಎಂದೇ ಆಗಿತ್ತು. ನೋಡಲು ಕೆಂಪಗಿದ್ದರೆ ಸಾಕೆಂದು ಬಣ್ಣವನ್ನೇ ಬೆನ್ನುಹತ್ತಿದರು, ರುಚಿ ಹಿಂದೆ ಬಿತ್ತು. 1990ರ ದಶಕದ ಕೊನೆಯಲ್ಲಿ ಬೆಲೆ ಕುಸಿದು ಅನೇಕ ತೋಟಗಾರರು ಸಾಲದಲ್ಲಿ ಮುಳುಗಿದರು. ಹಳೆಯ ಗಿಡ ಕಿತ್ತು ಹೊಸ ತಳಿ ಹಾಕಬೇಕಾಯಿತು. ನಮ್ಮ ದೇಶ 2019ರಲ್ಲಿ ಅಮೆರಿಕದ ಸೇಬಿನ ಮೇಲೆ ಶೇಕಡಾ 20ರಷ್ಟು ಹೆಚ್ಚುವರಿ ಸುಂಕ ಹಾಕಿದಾಗ, ಅವರ ಬಹು ದೊಡ್ಡ ಪೇಟೆಯೊಂದು ಕೈತಪ್ಪಿತು. ಆ ಸುಂಕ ತೆಗೆದದ್ದು 2023ರಲ್ಲಿ. ಉಕ್ಕು, ಅಲ್ಯೂಮಿನಿಯಮ್ಮಿನ ಜಗಳದಲ್ಲಿ ಪೆಟ್ಟು ತಿಂದವನು ಸೇಬಿನ ರೈತ.

ವೈನ್ ದ್ರಾಕ್ಷಿಯದು ಇನ್ನೂ ಇಕ್ಕಟ್ಟಿನ ಪೇಟೆ. 2023ರಲ್ಲಿ ಆ ರಾಜ್ಯದ ಅತಿ ದೊಡ್ಡ ವೈನ್ ಕಂಪನಿಯು, ಮುಂದಿನ ಐದು ವರ್ಷಗಳಲ್ಲಿ ದ್ರಾಕ್ಷಿ ಖರೀದಿಯ ಕರಾರುಗಳನ್ನು ಶೇಕಡಾ 40ರಷ್ಟು ಕಡಿಮೆ ಮಾಡುವುದಾಗಿ ಬೆಳೆಗಾರರಿಗೆ ತಿಳಿಸಿತು. ವೈನ್ ದ್ರಾಕ್ಷಿ ಬೀಜ ತುಂಬಿದ ಸಣ್ಣ ಹಣ್ಣು. ಕಾರಖಾನೆ ಬೇಡವೆಂದರೆ ಸಂತೆಯಲ್ಲಿ ಮಾರಲಾಗದು.

ಇಲ್ಲಿ ನಮ್ಮ ‘ಥಾಂಪ್ಸನ್ ಸೀಡ್‌ಲೆಸ್’ ಬೆಳೆಗಾರರ ಒಂದು ಬಲವನ್ನು ನೆನಪಿಸಬೇಕು. ಹಸಿ ಹಣ್ಣಿಗೆ ಬೆಲೆ ಬರದಿದ್ದರೆ ಒಣದ್ರಾಕ್ಷಿ ಮಾಡಬಹುದು, ಶೀತಗೃಹದಲ್ಲಿಟ್ಟು ಕಾಯಬಹುದು. ಎರಡನೆಯ ಬಾಗಿಲು ತೆರೆದಿರುವ ಬೆಳೆ ಅದು. ಕರ್ನಾಟಕ ಸರಕಾರ 2007ರಲ್ಲಿ ವೈನ್ ನೀತಿ ತಂದ ಮೇಲೆ ಕೃಷ್ಣಾ ಕಣಿವೆಯಲ್ಲಿ ವೈನ್ ದ್ರಾಕ್ಷಿಗೂ ಅವಕಾಶ ತೆರೆದಿದೆ. ಬೆಳೆಯಬಾರದೆಂದು ನಾನು ಹೇಳುವುದಿಲ್ಲ. ಆದರೆ ಲಿಖಿತ ಕರಾರು ಕೈಯಲ್ಲಿಲ್ಲದೆ ಒಂದು ಬಳ್ಳಿಯನ್ನೂ ನೆಡಬಾರದು. ಕರಾರು ಎಷ್ಟು ವರ್ಷದ್ದು, ಮುರಿದರೆ ಏನು ಎಂಬುದನ್ನೂ ಓದಿಕೊಳ್ಳಬೇಕು.

ನಮ್ಮ ಹೊಲದ ಲೆಕ್ಕ

ಈಗ ಆ ರೈತರ ಎರಡು ಎಕರೆಗೆ ಬರೋಣ. ಒಂದು ಎಕರೆಯ ಮೇಲೆ ಒಂದು ಮಿ.ಮೀ. ನೀರು ನಿಲ್ಲಿಸಿದರೆ ಅದು ಸುಮಾರು 4,000 ಲೀಟರ್. ಏಪ್ರಿಲ್ ಬಿಸಿಲಿನಲ್ಲಿ ಪೂರ್ಣ ಬೆಳೆದ ತೋಟ ದಿನಕ್ಕೆ 5 ಮಿ.ಮೀ. ನೀರು ಬಳಸುತ್ತದೆಂದು ಇಟ್ಟುಕೊಂಡರೆ ಎಕರೆಗೆ ದಿನಕ್ಕೆ 20,000 ಲೀಟರ್ ಬೇಕು. ಕೊಳವೆ ಬಾವಿ ಗಂಟೆಗೆ 5,000 ಲೀಟರ್ ಕೊಡುತ್ತದೆ, ವಿದ್ಯುತ್ ಆರು ಗಂಟೆ ಇರುತ್ತದೆ ಎಂದಾದರೆ ದಿನಕ್ಕೆ 30,000 ಲೀಟರ್, ಅಂದರೆ ಒಂದೂವರೆ ಎಕರೆಗೆ ಸಾಕು. ಬೇಸಿಗೆಯಲ್ಲಿ ಬಾವಿಯ ನೀರು ಅರ್ಧಕ್ಕೆ ಇಳಿದರೆ ಮುಕ್ಕಾಲು ಎಕರೆಗೆ ಮಾತ್ರ ಸಾಕು. ಉಳಿದ ಒಂದೂಕಾಲು ಎಕರೆಯ ಗಿಡಗಳಿಗೆ ಉತ್ತರ ಹೇಳುವವರು ಯಾರು? ಹನಿ ನೀರಾವರಿ ವ್ಯರ್ಥವನ್ನು ತಡೆಯುತ್ತದೆ, ಇಲ್ಲದ ನೀರನ್ನು ಹುಟ್ಟಿಸುವುದಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆ ನೀರಿಗೂ ಸಲ್ಲುತ್ತದೆ.

ಆದ್ದರಿಂದ ಹೊಸ ಹಣ್ಣಿನ ಬೆಳೆಗೆ ಕೈ ಹಾಕುವ ಮೊದಲು ರೈತ ಬಾಂಧವರು ನಾಲ್ಕು ಕೆಲಸ ಮಾಡಬೇಕೆಂದು ನನ್ನ ಸಲಹೆ.

1. ಏಪ್ರಿಲ್ ಕೊನೆಯ ವಾರದಲ್ಲಿ ಬಾವಿಯ ನೀರನ್ನು ಅಳೆಯಿರಿ. ಇನ್ನೂರು ಲೀಟರಿನ ಒಂದು ಡ್ರಮ್ಮು, ಒಂದು ಗಡಿಯಾರ ಇದ್ದರೆ ಸಾಕು. ಡ್ರಮ್ಮು ಎರಡು ನಿಮಿಷಕ್ಕೆ ತುಂಬಿದರೆ ಗಂಟೆಗೆ 6,000 ಲೀಟರ್. ಕಳೆದ ಹತ್ತು ವರ್ಷಗಳಲ್ಲಿ ಅತಿ ಕೆಟ್ಟ ಬೇಸಿಗೆ ಯಾವುದು, ಆಗ ಬಾವಿ ಹೇಗಿತ್ತು ಎಂದು ನೆನಪು ಮಾಡಿಕೊಂಡು ಬರೆದಿಡಿ. ತೋಟದ ವಿಸ್ತಾರ ನಿರ್ಧರಿಸಬೇಕಾದುದು ಆ ಬೇಸಿಗೆ.

2. ಸಸಿಗಳನ್ನು ಬದುವಿನ ಮೇಲೋ ಹಿತ್ತಲಲ್ಲೋ ಹತ್ತಿಪ್ಪತ್ತು ಮಾತ್ರ ನೆಟ್ಟು, ಕನಿಷ್ಠ ಮೂರು ಫಸಲು ನೋಡಿರಿ. ಫಲ ಕೊಡುತ್ತಿರುವ ದ್ರಾಕ್ಷಿ, ದಾಳಿಂಬೆ, ನಿಂಬೆಯ ತೋಟವನ್ನು ಕಿತ್ತು ಸೇಬು ಹಾಕಬೇಡಿ.

3. ಒಂದು ಹಣ್ಣು ಬಿಟ್ಟ ಗಿಡ ನೋಡಿ ಮರುಳಾಗದೆ, ಐದಾರು ವರ್ಷ ಬೆಳೆದವರ ಖರ್ಚು, ಆದಾಯದ ಲೆಕ್ಕ ಕೇಳಿರಿ. ಹಣ್ಣು ಮಾರಿ ಬಂದ ಹಣವೆಷ್ಟು, ಸಸಿ ಮಾರಿ ಬಂದ ಹಣವೆಷ್ಟು ಎಂದು ಬೇರೆ ಬೇರೆ ಕೇಳಿರಿ.

4. ಭೂಮಿಯಲ್ಲಿ ಸ್ವಲ್ಪ ಭಾಗವನ್ನಾದರೂ ಜೋಳ, ಕಡಲೆ, ತೊಗರಿಯಂತಹ ವಾರ್ಷಿಕ ಬೆಳೆಗೆ ಉಳಿಸಿಕೊಳ್ಳಿ. ಬರದ ವರ್ಷ ಆ ಹೊಲದ ನೀರನ್ನು ಗಿಡಗಳಿಗೆ ತಿರುಗಿಸಬಹುದು.

ನಮ್ಮ ಹೊಣೆ

ರೈತರಿಗೆ ಮಾತ್ರ ಬುದ್ಧಿ ಹೇಳಿ ಮುಗಿಸುವುದು ನ್ಯಾಯವಲ್ಲ. ವಿಜ್ಞಾನಿಗಳಾದ ನಮ್ಮಲ್ಲಿಯೂ ತಪ್ಪಿದೆ. ಇಳುವರಿಯನ್ನು ಎಕರೆಗೆ ಇಷ್ಟು ಟನ್ ಎಂದು ಹೇಳುತ್ತಾ ಬಂದೆವು. ಸಾವಿರ ಲೀಟರ್ ನೀರಿಗೆ ಇಷ್ಟು ರೂಪಾಯಿ ಎಂದು ಹೇಳಿದ್ದು ಕಡಿಮೆ. ಹೊಸ ಬೆಳೆಯ ಸುದ್ದಿ ಮೊಬೈಲಿನಲ್ಲಿ ಒಂದು ದಿನಕ್ಕೆ ಹಬ್ಬುತ್ತದೆ, ನಮ್ಮ ಪ್ರಯೋಗದ ಫಲಿತಾಂಶ ರೈತನ ಮನೆಗೆ ತಲುಪಲು ವರ್ಷಗಳು ಬೇಕಾಗುತ್ತವೆ. ಆ ನಡುವಿನ ಕಾಲದಲ್ಲಿ ಸಸಿ ಮಾರುವವನ ಮಾತೇ ವಿಜ್ಞಾನವಾಗಿಬಿಡುತ್ತದೆ.

ಯಾಕಿಮಾದಿಂದ ತರಬೇಕಾದ ಒಂದು ಸಸಿ ಇದ್ದರೆ ಅದು ತಾಳ್ಮೆಯ ಪ್ರಯೋಗ. ವಾಲ್ಟರ್ ಕ್ಲೋರ್ ಎಂಬ ತೋಟಗಾರಿಕೆ ವಿಜ್ಞಾನಿ 1937ರಲ್ಲಿ ಪ್ರಾಸರ್ ಕೇಂದ್ರಕ್ಕೆ ಸೇರಿ, ನಿವೃತ್ತಿಯಾಗುವವರೆಗೆ ಸುಮಾರು 40 ವರ್ಷ ದ್ರಾಕ್ಷಿ ತಳಿಗಳನ್ನು ನೆಟ್ಟು, ಯಾವುದು ಚಳಿಗೆ ಸತ್ತಿತು, ಯಾವುದು ಉಳಿಯಿತು ಎಂದು ಬರೆದಿಟ್ಟರು. ಯಾಕಿಮಾ ಕಣಿವೆಯನ್ನು ವೈನ್ ದ್ರಾಕ್ಷಿಯ ಪ್ರತ್ಯೇಕ ಪ್ರದೇಶವೆಂದು ಸರಕಾರ ಗುರುತಿಸಿದ್ದು 1983ರಲ್ಲಿ. ಅದೇ ವಿಶ್ವವಿದ್ಯಾಲಯ 1997ರಲ್ಲಿ ಸಂಕರ ಮಾಡಿದ ‘ಕಾಸ್ಮಿಕ್ ಕ್ರಿಸ್ಪ್’ ಸೇಬು ಅಂಗಡಿಗೆ ಬಂದದ್ದು 2019ರಲ್ಲಿ, 22 ವರ್ಷಗಳ ನಂತರ. ತಳಿ ಸೋತರೆ ನಷ್ಟವಾಗಬೇಕಾದುದು ಸಂಶೋಧನಾ ಕೇಂದ್ರದ ಪ್ಲಾಟಿನಲ್ಲಿ, ರೈತನ ಹೊಲದಲ್ಲಿ ಅಲ್ಲ. ಕಡಿಮೆ ಚಳಿಯ ಸೇಬನ್ನು ನಮ್ಮ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯಗಳು ಒಟ್ಟಾಗಿ, ಬೇರೆ ಬೇರೆ ಮಣ್ಣುಗಳಲ್ಲಿ, ನೀರಿನ ಅಳತೆಯೊಂದಿಗೆ ಪರೀಕ್ಷಿಸಿ, ಸೋತದ್ದನ್ನೂ ಗೆದ್ದದ್ದನ್ನೂ ಬಹಿರಂಗವಾಗಿ ಹೇಳಬೇಕು. ಅಲ್ಲಿಯವರೆಗೆ ಈ ಬೆಳೆಗೆ ಸಾಲ, ಸಹಾಯಧನ ಕೊಡುವ ಆತುರ ಬೇಡವೆಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಮೇಳದಲ್ಲಿ ಸಿಕ್ಕಿದ ರೈತರ ಪ್ರಶ್ನೆ ತಪ್ಪಲ್ಲ. ಒಣ ಭೂಮಿಯಲ್ಲಿ ಬದುಕು ಹಸನಾಗಬೇಕೆಂದು ಬಯಸುವವನೇ ಅಂತಹ ಪ್ರಶ್ನೆ ಕೇಳುತ್ತಾನೆ. ಅವರಿಗೆ ನನ್ನ ಉತ್ತರ ಇಷ್ಟು: ಎರಡು ಎಕರೆ ದ್ರಾಕ್ಷಿಯನ್ನು ಉಳಿಸಿಕೊಳ್ಳಿ. ಮನಸ್ಸು ತಡೆಯದಿದ್ದರೆ ಹತ್ತು ಸೇಬಿನ ಸಸಿ ಬದುವಿಗೆ ನೆಡಿ. ಮುಂದಿನ ಏಪ್ರಿಲಿನಲ್ಲಿ ಬಾವಿಯ ಮುಂದೆ ಡ್ರಮ್ಮು ಇಟ್ಟು ಅಳೆದು, ಆ ಅಂಕಿಯನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಮತ್ತೆ ಮೇಳಕ್ಕೆ ಬನ್ನಿ. ಮುಂದಿನ ಮಾತನ್ನು ಆ ಚೀಟಿ ನೋಡಿ ಆಡೋಣ.